ಅಂಚು ಕತ್ತರಿಸಿದ ನಕ್ಷೆ

ಕೆರೆಯ ನಟ್ಟನಡುವೆ ಯಾರಾದರೂ ಬೋರ್ ಕೊರೆಯುತ್ತಾರೆಯೇ? ನಮ್ಮ ಸಾಹೇಬರ ಪ್ರಕಾರ ಕೊರೆಯುತ್ತಾರೆ. ಕಂಪ್ಯೂಟರ್ ಹಾಗೆ ತೋರಿಸುತ್ತದಲ್ಲ!

ಖನಿಜ ಶೋಧನೆ ಕಚೇರಿಯ ನಕ್ಷೆ ಕೋಣೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಇದ್ದೇನೆ. ಹಳೆಯ ಗಣಿ ನಕ್ಷೆಗಳ ಸ್ಕ್ಯಾನ್ ಪ್ರತಿಗಳನ್ನು ಈಗಿನ ಊರಿನ ನಕ್ಷೆಯ ಮೇಲೆ ಸರಿಯಾಗಿ ಕೂರಿಸುವುದು ನನ್ನ ಕೆಲಸ. ಈ ಸಲ ನಾನು ರಜೆಯಲ್ಲಿದ್ದಾಗ ಗುತ್ತಿಗೆಯವರು ಬಂದು ಎಲ್ಲವನ್ನೂ ಮುಗಿಸಿಬಿಟ್ಟಿದ್ದರು. ಅಂಚು ಕೊಳಕಾಗಿದೆಯೆಂದು ಕತ್ತರಿಸಿ ಎಸೆದು, ನಡುವಿನ ಚಿತ್ರವನ್ನಷ್ಟೇ ಸ್ಕ್ಯಾನ್ ಮಾಡಿದ್ದರು. ಮೂಲ ನಕ್ಷೆಗಳು ರದ್ದಿಗೆ ಹೋಗಿದ್ದವು. ಎಷ್ಟು ನೀಟಾಗಿದೆ ಎಂದು ಸಾಹೇಬರು ಹೊಗಳಿದ್ದೇ ಹೊಗಳಿದ್ದು.

ನನ್ನ ತಂಗಿ ಒಂದನೇ ತರಗತಿಗೆ ಪಾಠ ಹೇಳುವ ಶಾಲೆಗೆ ಇನ್ನೊಂದು ಮಹಡಿ ಕಟ್ಟಬೇಕಿತ್ತು. ಕೆಳಗೆ ಹಳೆಯ ಸುರಂಗವಿಲ್ಲ ಎಂಬ ಪತ್ರ ಕೊಡಲು ಆ ಜಾಗದ ಹೊಸ ಸ್ಕ್ಯಾನ್ ನಕ್ಷೆ ತೆರೆದೆ. ಸುರಂಗ ಶಾಲೆಯಿಂದ ದೂರ ಬಯಲಿನಲ್ಲಿತ್ತು, ಸರಿ. ಆದರೆ ಅದರಲ್ಲಿ ಗುರುತಿಸಿದ್ದ ಗಣಿಯವರ ಒಂಬತ್ತು ಬೋರುಗಳಲ್ಲಿ ನಾಲ್ಕು ಕೆರೆಯೊಳಗಿದ್ದವು. ಅಲ್ಲಿ ಬೋರ್ ಕೊರೆದವರೇ ನನ್ನ ಚಿಕ್ಕಪ್ಪ. ಅವರನ್ನೇ ಕೇಳಿದೆ.

"ಕೆರೆಯೊಳಗಾ? ನಾವೇನು ಮೀನು ಹಿಡಿಯೋಕೆ ಹೋಗಿದ್ವೇನೇ?" ಎಂದು ರೇಗಿದರು. "ಗಣಿಯವರು ಸುರಂಗ ಹೋದ ದಿಕ್ಕನ್ನೇ ಉತ್ತರ ಅಂತ ಇಟ್ಕೊಳ್ತಿದ್ರು. ನಿಜವಾದ ಉತ್ತರ ಎಷ್ಟು ಓರೆ ಅನ್ನೋದನ್ನ ಅಂಚಲ್ಲಿ ಪೆನ್ಸಿಲಲ್ಲಿ ಬರೀತಿದ್ವಿ. ಅಂಚು ನೋಡು."

ಎಲ್ಲಿಂದ ನೋಡಲಿ? ಮುಚ್ಚಿದ ಗಣಿಬಾಯಿಯನ್ನು ಆಧಾರವಾಗಿ ಹಿಡಿದು ನಕ್ಷೆಯನ್ನು ಮೆಲ್ಲಗೆ ತಿರುಗಿಸುತ್ತ ಹೋದೆ. ಹದಿನಾಲ್ಕು ಡಿಗ್ರಿಗೆ ಒಂಬತ್ತೂ ಬೋರುಗಳು ಒಣನೆಲಕ್ಕೆ ಬಂದವು. ಸುರಂಗ ಶಾಲೆಯ ಅಡಿಗೆ ಬಂತು, ಸರಿಯಾಗಿ ತಂಗಿಯ ತರಗತಿಯ ಕೆಳಗೆ. ಸಾಹೇಬರ ಕೋಣೆಗೆ ಓಡಿದೆ.

"ನೋಡಿ ಮೇಡಂ, ಸಿಸ್ಟಮ್‌ನಲ್ಲಿ ಅಪ್ರೂವ್ ಆಗಿದೆ," ಎಂದರು ಸಾಹೇಬರು. "ನಿಮ್ಮ ಚಿಕ್ಕಪ್ಪನ ನೆನಪನ್ನ ದಾಖಲೆ ಅನ್ನೋಕಾಗುತ್ತಾ? ಲಿಖಿತವಾಗಿ ಏನಾದ್ರೂ ಇದ್ರೆ ತನ್ನಿ."

ಬರೆದಿಟ್ಟದ್ದನ್ನು ಕತ್ತರಿಸಿ ರದ್ದಿಗೆ ಹಾಕಿದವರೇ ನನ್ನನ್ನು ಲಿಖಿತ ಕೇಳುತ್ತಾರೆ! ಮೈಯೆಲ್ಲ ಉರಿದುಹೋಯಿತು. ಪತ್ರಕ್ಕೆ ಸಹಿ ಹಾಕಲಾರೆ ಎಂದು ಮುಖಕ್ಕೆ ಹೊಡೆದಂತೆ ಹೇಳಿ ಹೊರಬಂದೆ.

ತಂಗಿ ಮುಖ್ಯೋಪಾಧ್ಯಾಯಿನಿಯನ್ನು ಒಪ್ಪಿಸಿದಳು. ಭಾನುವಾರ ಚಿಕ್ಕಪ್ಪ ಪರಿಚಯದವರ ಬೋರ್ ಗಾಡಿ ತರಿಸಿ ಶಾಲೆಯ ಗೋಡೆಯ ಪಕ್ಕದಲ್ಲೇ ಕೊರೆಸಿದರು. ಹನ್ನೊಂದು ಮೀಟರ್ ಕಲ್ಲು ಬಂತು. ಹನ್ನೆರಡನೆಯದಕ್ಕೆ ಸರಳು ಧಡಕ್ಕನೆ ಕೆಳಗೆ ಜಾರಿತು. ಕೆಳಗೆ ಕಲ್ಲಿರಲಿಲ್ಲ, ಬರೀ ಟೊಳ್ಳು. ಚಿಕ್ಕಪ್ಪ ಗಾಡಿ ನಿಲ್ಲಿಸಿ ಎಲ್ಲರನ್ನೂ ಗೋಡೆಯಿಂದ ದೂರ ಸರಿಸಿದರು.

ಸೋಮವಾರ ಮಕ್ಕಳನ್ನು ಬೇರೆ ಕಟ್ಟಡಕ್ಕೆ ಕಳಿಸಿದರು. ಮಂಗಳವಾರ ನನಗೆ ನೋಟಿಸ್ ಬಂತು. ಅನುಮೋದಿತ ನಕ್ಷೆಯಲ್ಲಿ ಇಲ್ಲದ ಸುರಂಗವನ್ನು ಅನುಮತಿಯಿಲ್ಲದೆ ಪತ್ತೆಹಚ್ಚಿ ಜನರಲ್ಲಿ ಭಯ ಹುಟ್ಟಿಸಿದ್ದೇನಂತೆ. ಏಕೆ ವಿಚಾರಣೆ ನಡೆಸಬಾರದು ಎಂದು ವಿವರಣೆ ಕೊಡಬೇಕಂತೆ.

ಲಿಖಿತವಾಗಿಯೇ ಕೊಟ್ಟೆ.

"ವಿಚಾರಣೆ ಖಂಡಿತ ನಡೆಸಿ. ಆ ಒಂದನೇ ತರಗತಿಯ ಕೋಣೆಯಲ್ಲೇ ನಡೆಸಿ. ನಕ್ಷೆ ಅಪ್ರೂವ್ ಮಾಡಿದವರೆಲ್ಲ ಒಳಗೆ ಕೂರಲಿ, ಕಡತ ತುಂಬಿದ ಕಬ್ಬಿಣದ ಬೀರುಗಳನ್ನೂ ತರಿಸಿಕೊಳ್ಳಲಿ. ನಾನು ಗೇಟಿನ ಆಚೆ ನಿಂತು ಉತ್ತರ ಕೊಡುತ್ತೇನೆ."