ಗೆರೆ ಮೂಡದ ಮರಿ

ಆ ವರ್ಷ ಹಿಮ ಕರಗುವುದು ತಡವಾಯಿತು. ಮೂರ್ತಿಗೆ ಜೀವಂತ ಹಾವುಗಳನ್ನು ಸುತ್ತಿ ಮೆರೆಸುವ ಸಂತ ದೊಮೆನಿಕೊನ ಹಬ್ಬಕ್ಕೆಂದು ಹಾವು ಹಿಡಿಯುವವರು ಬೆಟ್ಟದ ಬಿಸಿಲು ಬೀಳುವ ಮಗ್ಗುಲಿನ ಕಲ್ಲುಗೋಡೆಗಳನ್ನೆಲ್ಲ ಕೆದಕಿ ಬರಿಗೈಯಲ್ಲಿ ಇಳಿಯುತ್ತಿದ್ದರು. ಅಂಥದರಲ್ಲಿ ಪನ್ಫೀಲೊನ ಹೆಂಡತಿ ಲೊರೇತಾ ಒಂದು ಹಾವು ತಂದಳು ಎಂದಾಗ ನೀರಿನ ಕಟ್ಟೆಯ ಬಳಿ ಮಾತೋ ಮಾತು. ಹೆಂಗಸೊಬ್ಬಳು ಹಾವಿಗೆ ಹೋದದ್ದೇ ಒಂದು ಸುದ್ದಿ. ತಂದದ್ದು ಮರಿ ಎಂಬುದು ಅದಕ್ಕಿಂತ ದೊಡ್ಡ ಸುದ್ದಿ.

ಬೆರಾರ್ದೊ ಬಂದು ಹಾವಿಟ್ಟ ಮಡಕೆಯೊಳಗೆ ಇಣುಕಿದ. ಅವನೂ ಪನ್ಫೀಲೊನೂ ಮೀಸೆ ಮೂಡುವ ಮೊದಲಿನಿಂದ ಒಟ್ಟಿಗೆ ಹಾವು ಹಿಡಿದವರು. ಅವನ ಮುಖ ಕಂಡದ್ದೇ ತಡ, ಹಾಸಿದ್ದ ತೌಡಿನೊಳಗಿಂದ ಮರಿ ಬುಸ್ಸೆಂದು ಹಾರಿ ಮಡಕೆಯ ಅಂಚಿಗೆ ಬಾಯಿ ಬಡಿದುಕೊಂಡಿತು.

"ಏನೇ ಇದು ಲೊರೇತಾ, ಮೈಮೇಲೆ ಗೆರೇನೇ ಮೂಡಿಲ್ಲ. ನಾಲ್ಕು ಗೆರೆ ಮೂಡಿದ ಮೇಲೆ ಹಾವಿಗೆ ಬುದ್ಧಿ ಬರುತ್ತೆ. ಈ ಚುಕ್ಕೆ ಮರಿಗಳಿಗೆ ಹಲ್ಲು ಬಿಟ್ರೆ ಬೇರೇನೂ ಗೊತ್ತಿಲ್ಲ. ಬಿಟ್ಟು ಬಾ."

"ವಿಷ ಇಲ್ವಲ್ಲ."

"ವಿಷ ಇಲ್ಲ, ಸಿಟ್ಟಿದೆ. ನಮ್ಮ ಪನ್ಫೀಲೊನ ಅಕ್ಕನ ಥರ."

ಒಲೆಯ ಬಳಿಯ ಕುರ್ಚಿಯಿಂದ ಒಂದು ಸದ್ದು ಬಂತು. ಇಬ್ಬರೂ ತಿರುಗಿದರು. ಪನ್ಫೀಲೊ ನಗುತ್ತಿದ್ದ. ಅರ್ಧ ಬಾಯಿಯ ನಗು. ಇನ್ನರ್ಧ ಬಾಯಿ ಹಿಂದಿನ ಶರತ್ಕಾಲದಲ್ಲಿ, ಕುರಿದೊಡ್ಡಿಯ ಬಾಗಿಲಲ್ಲಿ ಅವನು ಲಕ್ವ ಹೊಡೆದು ಬಿದ್ದ ದಿನ, ಎಡಗೈ ಎಡಗಾಲಿನ ಜೊತೆಗೇ ಹೋಗಿತ್ತು. ಆದರೂ ನಗು ನಗುವೇ. ಲೊರೇತಾ ತನ್ನ ಕರಿ ಅಂಗಿಯ ತೋಳಿನಿಂದ ಕಣ್ಣು ಒರೆಸಿಕೊಂಡು ಮಡಕೆಗೆ ಬಟ್ಟೆ ಕಟ್ಟಿದಳು. ಮರಿಯನ್ನು ಬಿಡುವ ಮಾತು ಅಲ್ಲಿಗೆ ಮುಗಿಯಿತು.

ಚಳಿಗಾಲವಿಡೀ ಅವನು ಅದೇ ಕುರ್ಚಿಯಲ್ಲಿ ಕೂತು ಸ್ವಲ್ಪ ಸ್ವಲ್ಪವೇ ಆರಿಹೋಗುತ್ತಿದ್ದ. ಮೊದಲು ಬಂದವರೊಡನೆ ಮಾತು ಬಿಟ್ಟ. ಆಮೇಲೆ ರೊಟ್ಟಿ ಬಿಟ್ಟ. ಕಡೆಗೆ ಸಾರಿನ ಬಟ್ಟಲನ್ನೂ ಬಲಗೈಯಿಂದ ಮೆಲ್ಲಗೆ ಆಚೆ ತಳ್ಳುತ್ತಿದ್ದ; ಕೋಪದಿಂದಲ್ಲ, ಯಾರೋ ಬೇರೆಯವರ ಬಟ್ಟಲು ತಪ್ಪಿ ತನ್ನ ಮುಂದೆ ಬಂದಿದೆ ಎಂಬ ಹಾಗೆ. ಡಾಕ್ಟರು ಎರಡು ಸಲ ಬಂದು, ಮೈಯಲ್ಲಿ ಇನ್ನೂ ಶಕ್ತಿಯಿದೆ, ಬದುಕುವ ಮನಸ್ಸೇ ಇಲ್ಲ, ಉಣ್ಣದಿದ್ದರೆ ಬೇಸಿಗೆ ಕಾಣುವುದಿಲ್ಲ ಎಂದು ಹೇಳಿ ಹೋದರು. ಹಾಗಿದ್ದವನು ಒಂದು ಮಧ್ಯಾಹ್ನ ಕಿಟಕಿಯತ್ತ ನೋಡಿ, "ಹಾವು ಎದ್ವಾ?" ಎಂದು ಕೇಳಿದ್ದ. ಲೊರೇತಾ ಒಲೆಯ ಮೇಲಿನ ಪಾತ್ರೆಯನ್ನು ಇಳಿಸಿದವಳೇ ಅವನ ಚೀಲ ಹೆಗಲಿಗೆ ಹಾಕಿ ಬೆಟ್ಟ ಹತ್ತಿದ್ದಳು.

ಮರಿಯನ್ನು ಪಳಗಿಸುವ ಕೆಲಸ ಮರುದಿನವೇ ಶುರುವಾಯಿತು. ಕೈ ಅವಳದು, ಬಾಯಿ ಅವನದು.

"ಮೊದಲು ಬೂದಿ ಹಾಕಿ ಕೈ ತೊಳಿ. ಇಲಿ ವಾಸನೆ ಇದ್ರೆ ಊಟ ಬಂತು ಅನ್ಕೊಳತ್ತೆ. ಮೇಲಿಂದ ಕೈ ಹಾಕ್ಬೇಡ್ವೇ! ಮೇಲಿಂದ ಬರೋದು ಗಿಡುಗ. ಪಕ್ಕದಿಂದ, ಕೆಳಗಿಂದ... ಹಾಂ."

ಮರಿ ಅವಳ ಹೆಬ್ಬೆರಳಿನ ಬುಡ ಕಚ್ಚಿತು. ಅವಳು ಕಿರುಚಿದಳು.

"ಎಳೀಬೇಡ! ಎಳೆದ್ರೆ ಅದರ ಹಲ್ಲು ಮುರಿಯತ್ತೆ."

"ನನ್ನ ಕೈ?"

"ನಿನ್ನ ಕೈ ವಾಸಿಯಾಗತ್ತೆ. ಸುಮ್ನಿರು. ಅದೇ ಬಿಡತ್ತೆ."

ಅದು ಬಿಟ್ಟಿತು, ತನಗೆ ಬೇಕಾದಾಗ. ಅವನು ತನ್ನ ಬೆವರಿನ ಉಣ್ಣೆ ಬನಿಯನ್ನನ್ನು ಕೊಟ್ಟು ಮಡಕೆಯೊಳಗೆ ಹಾಸಲು ಹೇಳಿದ, ವಾಸನೆ ರೂಢಿಯಾಗಲಿ ಎಂದು. ಇಲಿಮರಿ ತಿಂದ ದಿನ ಮತ್ತು ಅದರ ಮರುದಿನ ಮುಟ್ಟಬಾರದು, ಮುಟ್ಟಿದರೆ ಕಕ್ಕುತ್ತದೆ. ಕಣ್ಣು ಮಂಜಾಗಿ ಪೊರೆ ಬಿಡುವ ಹೊತ್ತಿನಲ್ಲಿ ಹತ್ತಿರವೂ ಸುಳಿಯಬಾರದು. ಉಳಿದ ದಿನ ಬೆಳಗಿನ ಬಿಸಿಲಿನಲ್ಲಿ ಸ್ವಲ್ಪ ಹೊತ್ತು ಕೈಮೇಲೆ ಹರಿಯಲು ಬಿಡಬೇಕು. ಹಿಡಿಯಬಾರದು, ಹೊರಬೇಕು. ಹೇಳುತ್ತ ಹೇಳುತ್ತ ಅವನ ಸೊಟ್ಟ ಮಾತು ನೇರವಾಗುತ್ತ ಬಂತು. ಹೇಳಿ ದಣಿದಾಗ ಹಸಿವಾಗುತ್ತಿತ್ತು. ಕಡಲೆ ಸಾರಿನಲ್ಲಿ ರೊಟ್ಟಿ ಅದ್ದಿ ತಿಂದ. ಇನ್ನೊಂದು ದಿನ ಕುರಿಹಾಲಿನ ಚೀಸು ಕೇಳಿದ.

"ನಮ್ಮಪ್ಪ ಹಲ್ಲು ಕೀಳ್ತಿದ್ದ," ಎನ್ನುವನು. "ಟೋಪಿ ಅಂಚು ಕಚ್ಚಿಸೋದು, ಎಳೆಯೋದು. ಹಾವಿನ ಬಾಯಿ ಕೊಳೆತು ಹೋಗ್ತಿತ್ತು. ನಾನು ಒಂದು ಹಾವಿನ ಹಲ್ಲೂ ಮುಟ್ಟಿಲ್ಲ ಕಣೇ. ತಾಳ್ಮೆ ಇಲ್ದೋನು ಹಲ್ಲು ಕೀಳ್ತಾನೆ."

ಮರಿಯನ್ನು ತನ್ನ ಕೈಗೆ ಕೊಡು ಎಂದು ಅವನು ಕೇಳಿದ್ದು ಏಪ್ರಿಲಿನ ಒಂದು ಒಳ್ಳೆಯ ಬೆಳಗು. ಮರಿ ಇನ್ನೂ ಪಳಗಿರಲಿಲ್ಲ. ಅವನಿಗೂ ಅದು ಗೊತ್ತಿತ್ತು, ಆಸೆ ತಡೆಯಲಿಲ್ಲ. ಲೊರೇತಾ ಅವನ ತೊಡೆಯ ಮೇಲೆ ಬಿಟ್ಟಳು. ಅವನು ಬಲಗೈ ಚಾಚಿ ಕಾಯುತ್ತ, ಕಿಟಕಿಯಾಚೆ ಕತ್ತೆಯೊಡನೆ ಜಗಳವಾಡುತ್ತಿದ್ದ ಬೆರಾರ್ದೊನನ್ನು ನೋಡಿ ನಗುತ್ತಿದ್ದ. ಮರಿ ಆ ಕಡೆ ಹೋಗಲಿಲ್ಲ. ತೊಡೆಯ ಪಕ್ಕದಲ್ಲಿ ಸುಮ್ಮನೆ ಬಿದ್ದಿದ್ದ ಎಡಗೈಯನ್ನು ಮೂಸಿ, ಕಚ್ಚಿ, ಜೋತುಬಿತ್ತು. ಪನ್ಫೀಲೊ ನಗುತ್ತಲೇ ಇದ್ದ.

ಲೊರೇತಾಳ ಮುಖ ಕಂಡು ಅವನು ಕೆಳಗೆ ನೋಡಿದ. ರಕ್ತ ಬೆರಳುಗಳ ನಡುವೆ ಇಳಿದು ಪ್ಯಾಂಟಿಗೆ ತಾಗಿತ್ತು.

"ಯಾವಾಗಿಂದ ಕಚ್ಕೊಂಡಿದೆ?"

ಅವಳು ಬಗ್ಗಿ, ಜೋತಾಡುತ್ತಿದ್ದ ಮರಿಯ ಮೈಗೆ ಅಂಗೈಯಾಸರೆ ಕೊಟ್ಟಳು.

"ಸತ್ತಿದ್ದು ಯಾವುದು ಅಂತ ಅದಕ್ಕೆ ಗೊತ್ತಾಗಿದೆ," ಎಂದ. "ತಗೊಂಡ್ಹೋಗು."

ಆ ದಿನ ಅವನು ಉಣ್ಣಲಿಲ್ಲ. ಮರುದಿನವೂ ಇಲ್ಲ. ಮಡಕೆಯನ್ನು ಹತ್ತಿರ ತಂದರೆ ಕಣ್ಣು ಮುಚ್ಚುತ್ತಿದ್ದ. ಬಟ್ಟಲನ್ನು ಮತ್ತೆ ಹಿಂದಿನಂತೆಯೇ ಮೆಲ್ಲಗೆ ಆಚೆ ತಳ್ಳುವುದು ಶುರುವಾಯಿತು. ಅವನ ಕೆನ್ನೆಯ ಮೂಳೆ ದಿನದಿಂದ ದಿನಕ್ಕೆ ಎದ್ದು ಬರುವುದನ್ನು ಲೊರೇತಾ ಲೋಟ ತೊಳೆಯುತ್ತ, ಕಸ ಗುಡಿಸುತ್ತ ನೋಡಿದಳು.

ಪನ್ಫೀಲೊನ ಅಕ್ಕ ಕೊಂಚೆತ್ತಾ ಮೊಟ್ಟೆ ಹಿಡಿದು ಬಂದವಳು ತಮ್ಮನನ್ನು ನೋಡಿ ಹಿತ್ತಿಲಿಗೆ ಹೋಗಿ ಅತ್ತಳು. ಅತ್ತು ಮುಗಿಸಿ ಮೂಗು ಸೀಟಿ ಹೇಳಿದಳು: "ಅವನ ಟೋಪಿ ತಾ."

"ಬೇಡ ಅಕ್ಕ. ಅವನು ಒಪ್ಪಲ್ಲ."

"ಅವನನ್ನ ಯಾರು ಕೇಳ್ತಾರೆ? ಹಾವು ಕಚ್ಚದೆ ಅವನ ಕೈಲಿ ಕೂತ್ರೆ ಅವನು ಉಣ್ತಾನೋ ಇಲ್ವೋ, ಅಷ್ಟು ಹೇಳು."

"ಉಣ್ತಾನೆ."

"ಮತ್ತೆ? ನಮ್ಮಪ್ಪ ಜೀವನವಿಡೀ ಮಾಡಿದ. ಸಂತನೇನು ಶಾಪ ಹಾಕ್ಲಿಲ್ಲ. ಹಾವು ಮುಖ್ಯಾನೋ ಗಂಡ ಮುಖ್ಯಾನೋ ನೋಡ್ಕೋ."

ಕೊಂಚೆತ್ತಾ ಬಾಲದ ಕಡೆ ಹಿಡಿದಳು. ಲೊರೇತಾ ದಪ್ಪ ಉಣ್ಣೆ ಟೋಪಿಯ ಅಂಚನ್ನು ಮುಂದೆ ಆಡಿಸಿದಳು. ಮರಿ ಎಂದಿನಂತೆ ಹಾರಿ ಕಚ್ಚಿತು. ಅವಳು ಎಳೆದಳು. ಬಟ್ಟೆ ಹರಿದಷ್ಟೇ ಸದ್ದು. ಮತ್ತೆ ಆಡಿಸಿದಳು, ಮತ್ತೆ ಕಚ್ಚಿತು. ಅದಕ್ಕೆ ಬೇರೇನೂ ಗೊತ್ತಿರಲಿಲ್ಲವಲ್ಲ. ಕೊನೆಗೆ ಟೋಪಿಯನ್ನು ಎಷ್ಟು ಹತ್ತಿರ ಹಿಡಿದರೂ ಅದು ತಲೆ ತಿರುಗಿಸಿಕೊಂಡಿತು. ಅಂಚಿನಲ್ಲಿ ಮೀನಿನ ಮುಳ್ಳಿಗಿಂತ ಸಣ್ಣ ಹಲ್ಲುಗಳು ಸಾಲಾಗಿ ನಿಂತಿದ್ದವು. ಲೊರೇತಾ ಒಂದೊಂದನ್ನೇ ಸೂಜಿಯಿಂದ ಕಿತ್ತು ಒಲೆಗೆ ಹಾಕಿದಳು.

ಮೂರು ದಿನ ಬಿಟ್ಟು ಅವನ ಬಲ ಅಂಗೈಯ ಮೇಲೆ ಅದನ್ನು ಇಟ್ಟಾಗ ಅದು ಕಚ್ಚಲಿಲ್ಲ. ಬೆರಳುಗಳ ನಡುವೆ ಹಾದು, ಮುಂಗೈ ಸುತ್ತಿ, ತಲೆಯನ್ನು ಅವನ ನಾಡಿಯ ಮೇಲೆ ಇರಿಸಿತು. ಪನ್ಫೀಲೊ ಉಸಿರು ಬಿಗಿಹಿಡಿದಿದ್ದ.

"ಕಲೀತು," ಎಂದ. "ನೋಡೇ, ಕಲೀತು. ಬಿಸಿ ಏನಾದ್ರೂ ಇದ್ಯಾ?"

ಅವಳು ಮೆಕ್ಕೆಜೋಳದ ಮುದ್ದೆ ಬಡಿಸಿದಳು. ಅವನು ಬಟ್ಟಲು ಬಳಿದು ಉಂಡ. ಅಂದಿನಿಂದ ದಿನವೂ ಉಂಡ. ಹಾವು ದಿನವೂ ಅವನ ಅಂಗಿಯೊಳಗೆ ಮಲಗಿತು. ಕೊಂಚೆತ್ತಾ ಬಂದು ನೋಡಿ ಲೊರೇತಾಳನ್ನು ಮೊಣಕೈಯಿಂದ ತಿವಿದಳು.

ಆದರೆ ಇಲಿಮರಿ ಹಾಕಿದರೆ ಹಾವು ಅದರ ಮೇಲೆಯೇ ಹರಿದು ಹೋಗುತ್ತಿತ್ತು. ಬೇಯಿಸಿದ ಮೊಟ್ಟೆಯನ್ನೂ ಮುಟ್ಟಲಿಲ್ಲ. ಒಂದು ದಿನ ತೌಡು ಬದಲಿಸುವಾಗ ಅದರ ತುಟಿಯ ಸಂದು ಮುಚ್ಚದೆ ಉಳಿದದ್ದು ಕಂಡಿತು. ಒಳಗೆ ಒಡೆದ ಹಾಲಿನಂಥ ಕೀವು. ಹಿತ್ತಿಲಿನಲ್ಲಿ ಕೂತು ಕೋಳಿಯ ಗರಿಯನ್ನು ಉಪ್ಪುನೀರಿಗೂ ವೈನಿಗೂ ಅದ್ದಿ ತೊಳೆದಳು. ತೊಳೆದಷ್ಟೂ ಬಂತು. ಅದು ತಲೆ ಕೂಡ ಕೊಡವಲಿಲ್ಲ. ಒಮ್ಮೆ ಕಚ್ಚಬಾರದೇ ಎಂದು ಅವಳಿಗೆ ಅನಿಸಿತು. ತನ್ನ ಹೆಬ್ಬೆರಳನ್ನು ಅದರ ಬಾಯಿಯ ಮುಂದೆ ಆಡಿಸಿಯೂ ನೋಡಿದಳು.

ಹಬ್ಬದ ವಾರ ಬೆರಾರ್ದೊ ಬಂದ. ಪನ್ಫೀಲೊ ಅಂಗಿಯ ಗುಂಡಿ ಬಿಚ್ಚಿ ಹಾವನ್ನು ತೋರಿಸಿದ.

"ಬಿಟ್ಟು ಬಾ ಅಂದಿದ್ಯಲ್ಲ. ನೋಡಪ್ಪ ಈಗ! ಚುಕ್ಕೆ ಮರಿ. ಹಲ್ಲು ಮುಟ್ಟಿಲ್ಲ."

ಬೆರಾರ್ದೊ ಬಗ್ಗಿ ನೋಡಿದ. ಬೆರಳಿನಿಂದ ಹಾವಿನ ಗದ್ದ ಎತ್ತಿದ. ಆಮೇಲೆ ಲೊರೇತಾಳನ್ನು ನೋಡಿದ.

"ಹೌದಪ್ಪ," ಎಂದ. "ನಿನ್ನ ಕೈ ಅಂದ್ರೆ ಕೈ."

ಬಾಗಿಲಾಚೆ ಬಂದ ಮೇಲೆ ಅವನ ದನಿ ಇಳಿಯಿತು. "ಏನು ಮಾಡ್ದೆ ಲೊರೇತಾ? ಹಲ್ಲುನೋವು ವಾಸಿ ಮಾಡೋ ಸಂತ ನಮ್ಮ ದೊಮೆನಿಕೊ. ಅವನ ಹೆಸರಲ್ಲಿ ಈ ಬಾಯಾ?"

"ಪನ್ಫೀಲೊ ಉಣ್ತಿದಾನೆ."

"ಹಾವು ಉಳಿಯಲ್ಲ."

"ಬೇರೆ ಮರಿ ಹಿಡಿದು ಕೊಡಪ್ಪ. ಇಂಥದೇ."

"ಇಂಥದೇ?" ಬೆರಾರ್ದೊ ತಲೆ ಅಲ್ಲಾಡಿಸಿದ. "ಅವನಿಗೆ ಅದರ ಒಂದೊಂದು ಚುಕ್ಕೆ ಗೊತ್ತಿರತ್ತೆ. ಯಾರಿಗೆ ಮೋಸ ಮಾಡ್ತೀಯ?" ಟೋಪಿ ಹಾಕಿಕೊಂಡು ಇಳಿದು ಹೋದ.

ಅವಳು ಒಳಗೆ ಬಂದಾಗ ಪನ್ಫೀಲೊ ಬಾಗಿಲತ್ತ ಮುಖ ಮಾಡಿ ಕಾಯುತ್ತಿದ್ದ. ಕೆನ್ನೆಗೆ ಬಣ್ಣ ಬಂದಿತ್ತು.

"ಹಬ್ಬ ಆದ್ಮೇಲೆ ಇದನ್ನ ಬೆಟ್ಟಕ್ಕೆ ಬಿಡಲ್ಲ ಕಣೇ. ಎಲ್ರೂ ಬಿಡ್ಲಿ, ನಾನು ಬಿಡಲ್ಲ. ಇಲ್ಲೇ ಇರ್ಲಿ. ಗೆರೆ ಮೂಡೋವರೆಗೂ ಸಾಕ್ತೀನಿ. ಅದಕ್ಕೆ ನಾಲ್ಕೈದು ವರ್ಷ ಬೇಕು."

"ಹೂಂ."

"ಅಷ್ಟು ದಿನ ನಾನೂ ಇರ್ಬೇಕಲ್ಲ. ಸಾರು ಹಾಕು."

ಅವಳು ಬಟ್ಟಲು ತೆಗೆದುಕೊಂಡು ಹತ್ತಿರ ಹೋದಳು. ತೆರೆದ ಅಂಗಿಯೊಳಗೆ ಹಾವು ಅವನ ಎದೆಯ ಬಿಳಿ ಕೂದಲಿನ ಮೇಲೆ ಉದ್ದಕ್ಕೆ ಬಿದ್ದಿತ್ತು. ನಾಲಗೆ ಹೊರಗೆ ಬರುವುದನ್ನು ಅವಳು ಕಾದಳು. ಬರಲಿಲ್ಲ. ಅದರ ಮೈ ಏರಿ ಇಳಿಯುತ್ತಿತ್ತು. ಅದು ಹಾವಿನ ಉಸಿರೋ, ಕೆಳಗಿನ ಅವನ ಎದೆಯ ಉಸಿರೋ, ಅವಳಿಗೆ ತಿಳಿಯಲಿಲ್ಲ. ಮುಟ್ಟಿ ನೋಡುವ ಧೈರ್ಯವೂ ಬರಲಿಲ್ಲ.

"ತಣ್ಣಗಿದೆ," ಎಂದ ಪನ್ಫೀಲೊ, ಬಲಗೈಯನ್ನು ಅದರ ಮೇಲೆ ಮುಚ್ಚಿ. "ಕುರ್ಚಿ ಬೆಂಕಿ ಹತ್ರ ನೂಕು. ಮೆಲ್ಲಗೆ. ಸದ್ದು ಮಾಡ್ಬೇಡ, ಮಲಗಿದೆ."

ಅವಳು ಕುರ್ಚಿಯನ್ನು ಮೆಲ್ಲಗೆ ನೂಕಿದಳು. ಆಮೇಲೆ ಸೌಟು ಪಾತ್ರೆಗೆ ತಾಗದ ಹಾಗೆ ಸಾರು ಬಡಿಸಿದಳು.