ರಿಯಾಯಿತಿ ಬ್ಯಾಚು

ಬಸ್ಸು ತರಬೇತಿ ಶಿಬಿರದ ಗೇಟು ದಾಟಿ ಬಂದು ನಿಂತಾಗ ಬೆಳಗಿನ ಕವಾಯತು ಆಗಷ್ಟೇ ಮುಗಿದಿತ್ತು. ಸೈನ್ಯಕ್ಕೆ ಹೊಸದಾಗಿ ಸೇರಿದವರು ಒಬ್ಬೊಬ್ಬರಾಗಿ ಇಳಿಯತೊಡಗಿದರು. ಒಬ್ಬ ಮೆಟ್ಟಿಲಿಳಿಯುವಷ್ಟರಲ್ಲೇ ಉಸ್ಸೆಂದು ಚೀಲ ಕೆಳಗಿಟ್ಟ. ಇನ್ನೊಬ್ಬಳು, ದರ್ಜಿಯೊಬ್ಬನ ಮಗಳು, ಗಾಳಿ ಬೀಸಿದರೆ ಹಾರಿಹೋಗುವಷ್ಟು ಸಣಕಲು. ಕೊನೆಗೆ ಇಳಿದ ದುಂಡು ಮುಖದವನು ಎರಡೂ ಕೈಯಲ್ಲಿ ದೊಡ್ಡದೊಂದು ಪೊಟ್ಟಣ ಹಿಡಿದು ಸೀದಾ ತರಬೇತುದಾರಳ ಮುಂದೆ ಬಂದು ನಿಂತ.

"ನಮ್ಮ ಬೇಕರೀದು ಮೇಡಂ, ನಾನೇ ಮಾಡಿದ್ದು. ಎಲ್ಲರಿಗೂ ಸಾಲುತ್ತೆ."

ಒಳಗೆ ಬನ್ನುಗಳಿದ್ದವು. ಮಧ್ಯಾಹ್ನದ ಊಟದ ಹೊತ್ತಿಗೆ ಅವನ ಹೆಸರೇ ಬನ್ನು ಎಂದಾಗಿತ್ತು.

ತರಬೇತುದಾರಳು ಪೊಟ್ಟಣ ಮುಟ್ಟಲಿಲ್ಲ. ಗಂಡಸರಿಗಿದ್ದ ಅಳತೆಯಲ್ಲೇ ಓಡಿ, ಹೊತ್ತು, ಹತ್ತಿ ಈ ಶಿಬಿರದಲ್ಲಿ ಪಾಸಾದ ಮೊದಲ ಹೆಂಗಸು ಅವಳು. ನಿಮಗೆ ಸ್ವಲ್ಪ ಸಡಿಲ ಮಾಡೋಣ ಎಂದವರಿಗೆ ಅಂದು ಮುಖ ಮುರಿಯುವಂತೆ ಬೇಡವೆಂದಿದ್ದಳು. ಈಗ ಮೇಲಿನಿಂದ ಆದೇಶವೇ ಬಂದಿತ್ತು. ಸೈನ್ಯಕ್ಕೆ ಸೇರುವವರು ಸಿಗುತ್ತಿಲ್ಲ, ಹಾಗಾಗಿ ಓಟ, ಬಸ್ಕಿ, ಭಾರ ಹೊರುವುದು ಎಲ್ಲದರಲ್ಲೂ ಅಳತೆ ಇಳಿಸಿ ಜನರನ್ನು ತೆಗೆದುಕೊಳ್ಳಿ ಎಂದು. ಅವಳು ಬೂಟಿನ ಮಣ್ಣನ್ನೂ ಒದರದೆ ಶಿಬಿರದ ಮುಖ್ಯಸ್ಥರಾದ ಮೇಜರರ ಕೋಣೆಗೆ ಹೋದಳು.

"ಸರ್, ಇವರಲ್ಲಿ ಅರ್ಧ ಜನಕ್ಕೆ ಮೈದಾನ ಒಂದು ಸುತ್ತು ಓಡೋಕಾಗಲ್ಲ. ಇವರನ್ನ ಇಟ್ಕೊಂಡು ಏನ್ಮಾಡೋಣ?"

ಮೇಜರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಸ್ಥೂಲಕಾಯದ, ಮಾತಿನಲ್ಲಿ ಆತುರವಿಲ್ಲದ ಮನುಷ್ಯ. "ಕೂತ್ಕೊಳ್ಳಿ. ಗಡಿ ಠಾಣೆಯಲ್ಲಿ ನಿಮ್ಮ ತಮ್ಮ ಇದಾನಲ್ಲ, ಮನೆಗೆ ಬಂದು ಎಷ್ಟು ದಿನ ಆಯ್ತು?"

ಈ ಪ್ರಶ್ನೆ ಅವಳು ನಿರೀಕ್ಷಿಸಿರಲಿಲ್ಲ. "ಮಗು ಹುಟ್ಟಿದ ಮೇಲೆ ಬಂದೇ ಇಲ್ಲ ಸರ್. ಈಗ ಅದು ಗೋಡೆ ಹಿಡ್ಕೊಂಡು ನಡೆಯುತ್ತೆ."

"ಯಾಕೆ ಬಂದಿಲ್ಲ? ಅವನ ಜಾಗಕ್ಕೆ ಕಳಿಸೋಕೆ ನನ್ನ ಹತ್ರ ಜನ ಇಲ್ಲ. ಅಲ್ಲಿರೋರೇ ಎರಡೆರಡು ಪಾಳಿ ಕಾಯ್ತಿದಾರೆ. ನಿದ್ದೆಗಣ್ಣಲ್ಲಿ ಬಂದೂಕು ಹಿಡ್ಕೊಂಡು ನಿಂತವನು ಎಷ್ಟು ಗಟ್ಟಿ ಇದ್ದರೇನು? ಆಟದ ಮೈದಾನಕ್ಕೆಲ್ಲ ಅಂಗಡಿ ಕಟ್ಟಿಸಿದೋರು ನಾವು. ಮಕ್ಕಳನ್ನ ಕುರ್ಚಿಗೆ ಅಂಟಿಸಿ ಬೆಳೆಸಿದೋರೂ ನಾವೇ. ಈಗ ಅವರಿಗೆ ಓಡೋಕೆ ಬರಲ್ಲ ಅಂತ ಬಾಗಿಲು ಹಾಕೋದು ಯಾವ ನ್ಯಾಯ?"

"ನನ್ನ ತಮ್ಮನಿಗೇ ನಾಳೆ ಗುಂಡು ತಾಗಿದ್ರೆ ಹೊತ್ಕೊಂಡು ಬರೋರು ಯಾರು ಸರ್? ಅಳತೆ ಇಳಿಸೋದು ನಮ್ಮ ಕೈಯಲ್ಲಿದೆ. ಅವನ ತೂಕ ಇಳಿಸೋಕಾಗುತ್ತಾ?"

ಮೇಜರ್ ಕನ್ನಡಕ ಮತ್ತೆ ಹಾಕಿಕೊಂಡರು. "ಬಂದಿದಾರೆ. ಕಲಿಸಿ," ಎಂದಷ್ಟೇ ಹೇಳಿದರು.

ಕಲಿಸುವ ಮನಸ್ಸು ಅವಳಿಗಿರಲಿಲ್ಲ. ಅವರೇ ಸೋತು ಸುಣ್ಣವಾಗಿ ಗಂಟುಮೂಟೆ ಕಟ್ಟಲಿ ಎಂದು ಮೊದಲ ದಿನದಿಂದಲೇ ಹಿಂಡಿದಳು. ಕೆಲವರು ಆ ವಾರವೇ ಹೊರಟುಹೋದರು. ಹಳೆಯ ಅಳತೆಯಲ್ಲಿ ಪಾಸಾಗಿ ಬಂದಿದ್ದ ಪಕ್ಕದ ಬ್ಯಾರಕ್ಕಿನವರಿಗಂತೂ ತಮಾಷೆಗೆ ಬರವಿರಲಿಲ್ಲ. ಹೊಸಬರಿಗೆ ರಿಯಾಯಿತಿ ಬ್ಯಾಚು ಎಂದು ಹೆಸರಿಟ್ಟು, ಊಟದ ಸಾಲಿನಲ್ಲಿ, "ಇವರಿಗೆ ಅರ್ಧ ಪ್ಲೇಟು ಸಾಕಪ್ಪ, ಅರ್ಧ ಸಿಪಾಯಿಗಳು," ಎಂದು ಬಡಿಸುವವನಿಗೆ ಕೂಗಿ ಹೇಳುತ್ತಿದ್ದರು. ಅದು ಅವಳ ಕಿವಿಗೂ ಬೀಳುತ್ತಿತ್ತು. ಅವಳು ಬಾಯಿ ಮುಚ್ಚಿಸಲು ಹೋಗಲಿಲ್ಲ.

ಒಂದು ಬೆಳಿಗ್ಗೆ ಓಟದಲ್ಲಿ ಎಂದಿನಂತೆ ಎಲ್ಲರಿಗಿಂತ ಹಿಂದೆ ಬಿದ್ದ ಬನ್ನು ಮೈದಾನದ ಮೂಲೆಯಲ್ಲಿ ಕುಕ್ಕರಿಸಿದ. ಅವಳು ಅವನ ಎದುರು ಹೋಗಿ ನಿಂತಳು.

"ಬೇಕರಿಯಲ್ಲಿ ಹಾಯಾಗಿದ್ದೋನಿಗೆ ಇದೆಲ್ಲ ಯಾಕೆ? ಗೇಟು ತೆರೆದಿದೆ, ಹೋಗು."

ಬನ್ನು ಏದುಸಿರು ಬಿಡುತ್ತಲೇ ತಲೆ ಎತ್ತಿದ. ಮುಖದಲ್ಲಿ ಕೋಪವಿರಲಿಲ್ಲ, ಅಳುವೂ ಇರಲಿಲ್ಲ. "ಮೇಡಂ, ನಾನು ಬೆಂಕಿ ಮುಂದೆ ಇಡೀ ದಿನ ನಿಲ್ತೀನಿ. ಮೈದಾ ಮೂಟೆ ಬೆನ್ನ ಮೇಲೆ ಹಾಕ್ಕೊಂಡು ಮಹಡಿ ಹತ್ತೀನಿ. ಓಡೋದು ಮಾತ್ರ ಬರಲ್ಲ. ಇಲ್ಲಿಗೆ ಬಂದಾಗಿಂದ ಎಲ್ಲರೂ ಓಡು ಓಡು ಅಂತಾರೆ. ಹೇಗೆ ಓಡೋದು ಅಂತ ಒಬ್ಬರೂ ಹೇಳಿಕೊಡಲಿಲ್ಲ. ನೀವೂ ಹೇಳಿಕೊಡಲಿಲ್ಲ."

ಅವಳಿಗೆ ಮೈಯೆಲ್ಲ ಉರಿಯಿತು. ಒಂದು ಮಾತು ನಾಲಿಗೆಯ ತುದಿಗೂ ಬಂತು. ಆದರೆ ಯೋಚಿಸಿದರೆ ಅವನ ಮಾತಿನಲ್ಲಿ ಸುಳ್ಳೆಲ್ಲಿತ್ತು? ಇಷ್ಟು ವರ್ಷ ಅವಳ ಮುಂದೆ ಬಂದು ನಿಂತವರು ಓಡಲು ಬರುತ್ತಿದ್ದವರೇ. ಅವಳು ಅವರನ್ನು ಇನ್ನಷ್ಟು ಜೋರಾಗಿ ಓಡಿಸಿದ್ದಳು, ಆಗದವರನ್ನು ಮನೆಗೆ ಕಳಿಸಿದ್ದಳು. ಜರಡಿ ಹಿಡಿಯುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಕಲಿಸಿದ್ದು ಯಾರಿಗೆ ಎಂದು ಕೇಳಿಕೊಂಡರೆ ಒಂದು ಮುಖವೂ ನೆನಪಾಗಲಿಲ್ಲ.

"ಏಳು," ಎಂದಳು. "ಇಲ್ಲಿಂದ ಆ ಕಂಬದವರೆಗೆ ಓಡು. ನಾನು ನಿನ್ನ ಪಾದ ನೋಡ್ತೀನಿ."

ಪಾದ ನೋಡಿದರೆ ಅವನು ಹಿಮ್ಮಡಿ ಅಪ್ಪಳಿಸಿ ಓಡುತ್ತಿದ್ದ, ಪ್ರತಿ ಹೆಜ್ಜೆಗೂ ತನಗೆ ತಾನೇ ಬ್ರೇಕು ಹಾಕಿಕೊಂಡಂತೆ. ಉಸಿರನ್ನು ಎದೆಯಲ್ಲೇ ಕಟ್ಟಿಕೊಳ್ಳುತ್ತಿದ್ದ. ಅದನ್ನು ತಿದ್ದಲು ಅವಳಿಗೆ ಎರಡು ವಾರ ಹಿಡಿಯಿತು. ದರ್ಜಿಯ ಮಗಳಿಗೆ ಭಾರ ಎತ್ತುವಾಗ ಸೊಂಟ ಬಾಗಿಸದೆ ಮಂಡಿ ಬಾಗಿಸಲು ಕಲಿಸಿದಳು. ಅಡುಗೆಮನೆಗೆ ಹೋಗಿ ಜಗಳ ಕಾದು ಇವರ ತಟ್ಟೆಗೆ ಮೊಟ್ಟೆ, ಕಾಳು ಹೆಚ್ಚಿಸಿದಳು. ಊಟದ ಸಾಲಿನಲ್ಲಿ ಮತ್ತೆ ಅರ್ಧ ಪ್ಲೇಟಿನ ಮಾತು ಬಂದಾಗ, ಆಡಿದವನ ಪಕ್ಕ ಹೋಗಿ ನಿಂತು, "ಏನಂದೆ? ಇನ್ನೊಂದ್ಸಲ ಹೇಳು, ನನಗೆ ಕೇಳಿಸಲಿಲ್ಲ," ಎಂದಳು. ಅವನಿಗೆ ಅದು ಇನ್ನೊಮ್ಮೆ ನೆನಪಾಗಲಿಲ್ಲ.

ಹಾಗೆಂದು ಅವಳು ಮೆತ್ತಗಾದಳೆಂದಲ್ಲ. ಬೈಗುಳ ಮೊದಲಿನಷ್ಟೇ ಖಾರವಾಗಿತ್ತು. ಆದರೆ ಈಗ ಬೈಗುಳದ ಹಿಂದೆಯೇ ಹೀಗಲ್ಲ, ಹೀಗೆ ಎನ್ನುವ ಮಾತೂ ಬರುತ್ತಿತ್ತು. ತಿಂಗಳುಗಳು ಉರುಳಿದಂತೆ ಬನ್ನುವಿನ ಬೆಲ್ಟಿಗೆ ಹೊಸ ತೂತು ಕೊರೆಯಬೇಕಾಯಿತು. ದರ್ಜಿಯ ಮಗಳ ಅಂಗಿಯ ತೋಳು ಬಿಗಿಯಾಯಿತು. ಅವಳೇ ಬಿಚ್ಚಿ ಹೊಲಿದುಕೊಂಡಳು.

ತರಬೇತಿಯ ಕೊನೆಗೆ ದೊಡ್ಡ ಪರೀಕ್ಷೆ. ಗಾಯಾಳುವನ್ನು ಸ್ಟ್ರೆಚರಿನಲ್ಲಿ ಹೊತ್ತು ಶಿಬಿರದ ಹಿಂದಿನ ಗುಡ್ಡ ಹತ್ತಬೇಕು. ಹೊಸ ಆದೇಶದಲ್ಲಿ ಅದಕ್ಕೂ ರಿಯಾಯಿತಿ ಇತ್ತು. ಗಾಯಾಳುವಿನ ಬದಲು ಮಲಗಿಸುವ ಗೊಂಬೆಯ ತೂಕ ಕಡಿಮೆ, ಅರ್ಧ ಗುಡ್ಡ ಹತ್ತಿದರೆ ಸಾಕು. ಅವಳು ಅದನ್ನು ಬ್ಯಾಚಿನವರಿಗೆ ಓದಿ ಹೇಳಿ ಕಾಗದ ಮಡಚಿದಳು.

ದರ್ಜಿಯ ಮಗಳು ಕೈ ಎತ್ತಿದಳು. "ಮೇಡಂ, ಗಾಯಾಳು ಅರ್ಧ ಗುಡ್ಡದಲ್ಲಿ ಇಳ್ಕೊಂಡು ಉಳಿದರ್ಧ ನಡ್ಕೊಂಡು ಹೋಗ್ತಾನಾ?"

ಎಲ್ಲರೂ ನಕ್ಕರು. ನಗು ನಿಂತ ಮೇಲೆ ಬನ್ನು, "ನಮಗೆ ಹಳೇ ಪರೀಕ್ಷೆನೇ ಕೊಡಿ ಮೇಡಂ," ಎಂದ.

ಮೇಜರ್ ಸುಲಭಕ್ಕೆ ಒಪ್ಪಲಿಲ್ಲ. "ಇವರು ಫೇಲಾದ್ರೆ ಮೇಲಿನೋರು ನನ್ನನ್ನ ಸುಮ್ನೆ ಬಿಡಲ್ಲ. ಪಾಸಾಗೋ ದಾರಿ ಇರುವಾಗ ಯಾಕೆ ಮೈಮೇಲೆ ಎಳ್ಕೋತೀರಿ?"

"ಒಳಗೆ ಬರೋಕೆ ನೀವು ಅಳತೆ ಇಳಿಸಿದ್ದು ಸರಿ ಸರ್. ನಾನು ತಪ್ಪು ತಿಳ್ಕೊಂಡಿದ್ದೆ. ಆದರೆ ಹೊರಗೆ ಹೋಗೋವಾಗ ಇಳಿಸ್ಬೇಡಿ. ಅವರೇ ಬೇಡ ಅಂತಿದಾರೆ."

ಪರೀಕ್ಷೆಯ ಬೆಳಿಗ್ಗೆ ಬನ್ನುವಿನ ತಂಡದ ಸ್ಟ್ರೆಚರಿನ ಮೇಲಿದ್ದ ಗೊಂಬೆಯನ್ನು ತರಬೇತುದಾರಳು ಪಕ್ಕಕ್ಕೆ ತೆಗೆದಿಟ್ಟಳು. ಪೂರ್ತಿ ಸಮವಸ್ತ್ರ, ಹೆಲ್ಮೆಟ್ ಧರಿಸಿ ತಾನೇ ಮಲಗಿದಳು. ಗಡಿಯಲ್ಲಿರುವ ತಮ್ಮ ತನಗಿಂತ ದಪ್ಪ ಎಂದು ಹೊಟ್ಟೆಯ ಮೇಲೊಂದು ಮರಳಿನ ಚೀಲ ಇಡಿಸಿಕೊಂಡಳು. "ಹೊರಿ," ಎಂದಳು. ಗುಡ್ಡದ ತುದಿ ಮುಟ್ಟುವವರೆಗೆ ಅದೇ ಅವಳ ಕೊನೆಯ ಆಜ್ಞೆ.

ಸ್ಟ್ರೆಚರು ಮೇಲೆದ್ದಿತು. ಎಷ್ಟೋ ಸಲ ಹತ್ತಿದ್ದ ಗುಡ್ಡ, ಆದರೆ ಹೀಗೆ ಎಂದೂ ಹತ್ತಿರಲಿಲ್ಲ. ಕಣ್ಣಿಗೆ ಕಾಣುವುದು ಆಕಾಶ ಮಾತ್ರ, ಕಿವಿಗೆ ನಾಲ್ವರ ಉಸಿರು. ಬೈಯುವಂತಿಲ್ಲ, ತಿದ್ದುವಂತಿಲ್ಲ. ಮಲಗಿದವರಿಗೆ ಹೊತ್ತವರ ಕೈಯೇ ಗತಿ ಎಂಬುದು ಅವಳಿಗೆ ಮೊದಲ ಬಾರಿಗೆ ಬೆನ್ನಿನ ಮೂಲಕ ತಿಳಿಯಿತು. ಕಾಲಿನ ಕಡೆ ಹಿಡಿದಿದ್ದ ದರ್ಜಿಯ ಮಗಳು ತಗ್ಗಿದ ದನಿಯಲ್ಲಿ ಎಡ, ಬಲ ಎಂದು ಎಲ್ಲರ ಹೆಜ್ಜೆ ಕೂಡಿಸುತ್ತಿದ್ದಳು.

ಕಲ್ಲಿನ ತಿರುವಿನಲ್ಲಿ ಪಕ್ಕದ ಬ್ಯಾರಕ್ಕಿನವರು ನೋಡಲು ಸಾಲಾಗಿ ಕುಳಿತಿದ್ದರು. ಸರಿಯಾಗಿ ಅಲ್ಲೇ ಬನ್ನುವಿನ ಕಾಲು ಜಾರಿತು. ಅವನು ಮಂಡಿಯೂರಿ ಬಿದ್ದ. ಸ್ಟ್ರೆಚರು ಒಂದು ಬದಿಗೆ ವಾಲಿತು. ಇಳಿಸಿ ಎನ್ನಬೇಕೆನಿಸಿತು ಅವಳಿಗೆ. ಗಾಯಾಳು ಆಜ್ಞೆ ಕೊಡುವಂತಿಲ್ಲ. ಬನ್ನು ಬಿದ್ದಿದ್ದ, ಆದರೆ ಅವನ ಕೈ ಬಿದ್ದಿರಲಿಲ್ಲ. ಸ್ಟ್ರೆಚರಿನ ಹಿಡಿ ಅವನ ಭುಜದ ಮಟ್ಟದಲ್ಲೇ ಇತ್ತು. ಮಂಡಿಯಿಂದ ರಕ್ತ ಸುರಿಯುತ್ತಿದ್ದಂತೆಯೇ ಹಲ್ಲು ಕಚ್ಚಿ ಎದ್ದು ನಿಂತು, "ನಡೀರಿ," ಎಂದ.

ಸಾಲಿನಲ್ಲಿ ಕುಳಿತವರಲ್ಲಿ ಒಬ್ಬ ಎದ್ದ. ಅರ್ಧ ಪ್ಲೇಟಿನ ಮಾತಾಡಿದವನೇ. ಚಪ್ಪಾಳೆ ತಟ್ಟುತ್ತ, "ಬಿಡಬೇಡ್ರೋ, ಇನ್ನೇನು ಬಂತು," ಎಂದು ಕೂಗುತ್ತ ಅವರ ಪಕ್ಕದಲ್ಲೇ ಓಡತೊಡಗಿದ. ಹಿಂದೆಯೇ ಉಳಿದವರೂ ಎದ್ದರು. ಹೆಗಲು ಕೊಡಲು ಬಂದವನೊಬ್ಬನಿಗೆ ದರ್ಜಿಯ ಮಗಳು, "ಕೈ ತೆಗಿ, ಇದು ನಮ್ಮ ಗಾಯಾಳು," ಎಂದಳು.

ತುದಿಯಲ್ಲಿ ಮೇಜರ್ ಕಾಯುತ್ತಿದ್ದರು. ಸ್ಟ್ರೆಚರು ಹೂವಿಳಿಸಿದಂತೆ ನೆಲ ಮುಟ್ಟಿತು. ಅವರು ಗಡಿಯಾರ ನೋಡಿದರು, ನಂಬಿಕೆಯಾಗದೆ ಮತ್ತೊಮ್ಮೆ ನೋಡಿದರು. ಹಳೆಯ ಗಡುವಿಗೆ ಇನ್ನೂ ಸಮಯ ಉಳಿದಿತ್ತು. ಒಂದೊಂದಾಗಿ ಉಳಿದ ಸ್ಟ್ರೆಚರುಗಳೂ ಬಂದು ಸೇರಿದವು. ಇಬ್ಬರು ಮಾತ್ರ ಕೊನೆಯವರೆಗೆ ಹೊರಲಾಗದೆ ಬರಿಗೈಯಲ್ಲಿ ಹಿಂದೆ ಬಂದರು. ತಲೆ ತಗ್ಗಿಸಿ ನಿಂತವರಿಗೆ ತರಬೇತುದಾರಳು, "ಮನೆಗಲ್ಲ, ಮುಂದಿನ ಬ್ಯಾಚಿಗೆ. ನಾಳೆ ಬೆಳಿಗ್ಗೆ ಮೈದಾನಕ್ಕೆ ಬನ್ನಿ," ಎಂದಳು. ಆಮೇಲೆ ಬನ್ನುವಿನ ಮುಂದೆ ಕುಳಿತು ತಾನೇ ಅವನ ಮಂಡಿಗೆ ಪಟ್ಟಿ ಕಟ್ಟಿದಳು.

"ಸ್ಟ್ರೆಚರು ಅಲುಗಾಡ್ತಾ ಮೇಡಂ?" ಎಂದು ಕೇಳಿದ ಅವನು.

"ಸ್ವಲ್ಪಾನೂ ಇಲ್ಲ," ಎಂದಳು.

ಮೇಜರ್ ಹತ್ತಿರ ಬಂದರು. "ಮೇಲಿನವರಿಗೆ ಏನು ಬರೀಬೇಕು ಅಂತ ಈಗ ಗೊತ್ತಾಯ್ತು. ಬಾಗಿಲು ಅಗಲವಾಗೇ ಇರಲಿ. ಗುಡ್ಡ ಮಾತ್ರ ಇದ್ದಷ್ಟೇ ಎತ್ತರ ಇರಲಿ." ಹಾಗೆಂದವರೇ ಟೋಪಿ ತೆಗೆದು ತರಬೇತುದಾರಳ ಕೈಗಿತ್ತು, ಖಾಲಿ ಸ್ಟ್ರೆಚರಿನ ಮೇಲೆ ಉದ್ದಕ್ಕೆ ಮಲಗಿದರು. "ಹತ್ತೋವಾಗ ನಿಮ್ಮ ಮೇಡಂನ ಹೊತ್ರಿ. ಇಳಿಯೋವಾಗ ನನ್ನ ಹೊರಿ. ನಾನು ಅವರಿಗಿಂತ ಭಾರ, ಮೊದಲೇ ಹೇಳಿದ್ದೀನಿ."

ಈ ಸಲ ರಿಯಾಯಿತಿ ಬ್ಯಾಚು, ಹಳೇ ಬ್ಯಾಚು ಎನ್ನದೆ ಕೈಗಳು ಮುಗಿಬಿದ್ದವು. ಗೆದ್ದ ಹುಮ್ಮಸ್ಸಿನಲ್ಲಿ ಅವರು ಇಳಿಜಾರಿನಲ್ಲಿ ಓಡತೊಡಗಿದಾಗ ಮೇಜರ್ ಎರಡೂ ಬದಿಯ ಕೋಲು ಗಟ್ಟಿಯಾಗಿ ಹಿಡಿದು, "ನಿಧಾನ ಕಣ್ರೋ, ನಿಧಾನ," ಎಂದು ಕೂಗಿದರು.

"ಮಾತಾಡಬೇಡಿ ಸರ್," ಎಂದಳು ದರ್ಜಿಯ ಮಗಳು ಓಡುತ್ತಲೇ, "ನೀವು ಗಾಯಾಳು."