ಸರಾಸರಿ ಗಾಳಿ

ಒಂದೇ ಮನೆಯಲ್ಲಿ ಎರಡು ಕಾಗದಗಳಿದ್ದವು. ಮಹಡಿಯ ಮೇಲೆ ಫಿಟ್ಟರನ ಭಾವನ ಗೋಡೆಯಲ್ಲಿ ಕಟ್ಟು ಹಾಕಿಸಿ ತೂಗುಬಿಟ್ಟ ಸ್ವಚ್ಛತಾ ಪ್ರಶಸ್ತಿ, ಸತತ ಮೂರನೆಯ ವರ್ಷದ್ದು. ಕೆಳಗೆ ಫಿಟ್ಟರನ ಮೇಜಿನ ಮೇಲೆ, ನೀರಿನ ಲೋಟದ ಗುಂಡು ಕಲೆ ಬಿದ್ದ ನೋಟಿಸು: ಕಂಪ್ರೆಸರಿನ ಮೊದಲ ಸಾಲಿನ ಎರಡು ಬ್ಲೇಡುಗಳು ಬಿರುಕು ಬಿಟ್ಟಿರುವುದು ನಿಮ್ಮ ಸಡಿಲ ಜೋಡಣೆಯಿಂದ, ನಿಮ್ಮನ್ನು ಕೆಲಸದಿಂದ ಏಕೆ ತೆಗೆಯಬಾರದೆಂದು ಹದಿನೈದು ದಿನಗಳಲ್ಲಿ ತಿಳಿಸಿ. ಎರಡಕ್ಕೂ ಸಹಿ ಹಾಕಿದವರು ವಿದ್ಯುತ್ ಸ್ಥಾವರದ ಮ್ಯಾನೇಜರ್.

ಫಿಟ್ಟರ್ ಇಪ್ಪತ್ತೆರಡು ವರ್ಷದಿಂದ, ಹೊರಗಿನ ಗಾಳಿ ಎಳೆದು ಒತ್ತಿ ಟರ್ಬೈನಿಗೆ ಕೊಡುವ ಈ ಕಂಪ್ರೆಸರಿಗೆ ಬ್ಲೇಡು ಕೂರಿಸುತ್ತಿದ್ದವನು. ಬಿರುಕು ಬಿಟ್ಟವನ್ನು ತೆಗೆದು ಹೊಸದನ್ನು ಕೂರಿಸಲು ಕರೆದದ್ದೂ ಅವನನ್ನೇ. ಬೇರೆ ಯಾರಿಗೂ ಆ ಕೆಲಸ ಬರುತ್ತಿರಲಿಲ್ಲ. ಹಳೆಯ ಬ್ಲೇಡಿನ ಬುಡವನ್ನು ಭೂತಗನ್ನಡಿಯಲ್ಲಿ ನೋಡಿದ. ಸಡಿಲವಾಗಿದ್ದರೆ ಉಜ್ಜಿದ ಗುರುತಿರಬೇಕು, ಇರಲಿಲ್ಲ. ಬಿರುಕಿನ ಮೈಮೇಲೆ ಒತ್ತೊತ್ತಾಗಿ ಸಣ್ಣ ಗೆರೆಗಳಿದ್ದವು. ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿ ಬಗ್ಗಿಸಿ ಮುರಿದಂತೆ ಯಾವುದೋ ಇದನ್ನು ಬಗ್ಗಿಸಿತ್ತು. ಯಂತ್ರ ಮತ್ತೆ ಓಡತೊಡಗಿದ ಮೇಲೆ, ಬ್ಲೇಡಿನ ತುದಿಯ ನಡುಕ ಅಳೆಯಲೆಂದು ಹೊಸದಾಗಿ ತಂದ ಉಪಕರಣವೂ ಅದನ್ನೇ ಹೇಳಿತು. ಹೊಸ ಬ್ಲೇಡುಗಳೂ ನಡುಗುತ್ತಿದ್ದವು.

ಗಾಳಿ ಬರುವ ದಾರಿ ನೋಡಲು ಅವನು ಫಿಲ್ಟರ್ ಮನೆಗೆ ಹೋದ. ಅದು ಮೂರಾಳೆತ್ತರದ ದೊಡ್ಡ ಪೆಟ್ಟಿಗೆ. ಮುಂದಿನ ಗೋಡೆ, ಹಿಂದಿನ ಗೋಡೆ, ಎರಡರ ತುಂಬ ಫಿಲ್ಟರುಗಳು. ಮುಂಭಾಗ ಸ್ಥಾವರ ನೋಡಲು ಬರುವವರ ದಾರಿಗೆ, ಹಿಂಭಾಗ ಕಾಂಪೌಂಡಿಗೆ ಮುಖ ಮಾಡಿತ್ತು. ಮುಂದಿನವು ಮದುವಣಗಿತ್ತಿಯಂತಿದ್ದವು. ಹಿಂದಿನವುಗಳ ಬಣ್ಣ ಯಾವುದೆಂದು ಕೆರೆದು ನೋಡಬೇಕಿತ್ತು. ಜೇಬಿನಲ್ಲಿ ಬೇರೆ ಕಾಗದವಿಲ್ಲದೆ ಅವನು ನೋಟಿಸನ್ನೇ ತೆಗೆದು ಮುಂದಿನ ಫಿಲ್ಟರಿಗೆ ಹಿಡಿದ. ಫಟ್ಟನೆ ಅಂಟಿಕೊಂಡಿತು. ಕಿತ್ತು ತಂದು ಹಿಂದಿನದಕ್ಕೆ ಹಿಡಿದ. ಮೆಲ್ಲಗೆ ಜಾರಿ ಅವನ ಬೂಟಿನ ಮೇಲೆ ಬಿತ್ತು.

ಫಿಲ್ಟರ್ ಮನೆಯ ಮೇಲ್ವಿಚಾರಕ ಅವನ ಭಾವನೇ, ಅಕ್ಕನ ಗಂಡ. ಭಾನುವಾರ ಮಧ್ಯಾಹ್ನ ಎಲ್ಲರೂ ಮಹಡಿಯಲ್ಲೇ ಊಟಕ್ಕೆ ಕೂತಿದ್ದರು, ಪ್ರಶಸ್ತಿಯ ಕೆಳಗೆ.

"ಭಾವ, ಹಿಂದಿನ ಫಿಲ್ಟರ್ ಬದಲಾಯಿಸಿ ಎಷ್ಟು ದಿನ ಆಯ್ತು?"

"ಹಿಂದಕ್ಕೆ ಯಾರು ಹೋಗ್ತಾರೋ?"

"ಗಾಳಿ ಹೋಗುತ್ತಲ್ಲ."

"ಫಿಲ್ಟರ್ ಪ್ರೆಶರ್ ಮೀಟರ್ ನೋಡ್ಕೊಂಡು ಬಾ ಹೋಗು. ಮಿತಿ ಒಳಗೇ ಇದೆ."

"ಅದು ತೋರಿಸೋದು ಎರಡೂ ಕಡೆದು ಸೇರಿಸಿ. ಮುಂದೆ ಸಲೀಸು, ಹಿಂದೆ ಉಸಿರೇ ಇಲ್ಲ. ಸರಾಸರಿ ಚೆನ್ನಾಗೇ ಇರುತ್ತೆ."

ಅಕ್ಕ ಸೌಟು ಹಿಡಿದೇ ಕೇಳಿದಳು. "ಅಂದ್ರೆ ಇವರಿಗೆ ಎರಡು ಪಾಲು ಬಡಿಸಿ ನಿನಗೆ ಬರೀ ತಟ್ಟೆ ಇಟ್ಟು, ಎಲ್ಲರದ್ದೂ ಊಟ ಆಯ್ತು ಅಂದ ಹಾಗಾ?"

"ಅದೇ ಅಕ್ಕಾ."

ಯಂತ್ರದ ಒಳಗೆ ನಡೆಯುತ್ತಿದ್ದದ್ದೂ ಹೆಚ್ಚು ಕಡಿಮೆ ಅದೇ. ಫಿಲ್ಟರಿಂದ ಕಂಪ್ರೆಸರಿಗೆ ಇದ್ದ ಕೊಳವೆ ಮೊಟಕು, ಎರಡು ಗೋಡೆಗಳ ಗಾಳಿ ಬೆರೆಯಲು ಜಾಗ ಸಾಲದು. ಬಾಯಿಯ ಒಂದು ಪಕ್ಕಕ್ಕೆ ವೇಗದ ಗಾಳಿ, ಇನ್ನೊಂದು ಪಕ್ಕಕ್ಕೆ ನಿಧಾನದ ಗಾಳಿ ಬರುತ್ತಿತ್ತು. ಚಕ್ರದ ಸುತ್ತ ಕೂತ ಬ್ಲೇಡು ಸೆಕೆಂಡಿಗೆ ಐವತ್ತು ಸುತ್ತು ಹೊಡೆಯುತ್ತದೆ. ನಿಧಾನದ ಗಾಳಿಗೆ ಬಂದಾಗ ಗಾಳಿ ಹೆಚ್ಚು ಓರೆಯಾಗಿ ತಾಗಿ ಬ್ಲೇಡಿನ ಮೇಲೆ ಹೊರೆ ಏರುತ್ತದೆ, ಬ್ಲೇಡು ಬಗ್ಗುತ್ತದೆ. ವೇಗದ ಗಾಳಿಗೆ ಬಂದೊಡನೆ ಹೊರೆ ಇಳಿದು ನೆಟ್ಟಗಾಗುತ್ತದೆ. ಎಲ್ಲ ಕಡೆ ಒಂದೇ ಸಮ ಕಡಿಮೆ ಗಾಳಿ ಬಂದಿದ್ದರೆ ಬ್ಲೇಡು ಸ್ವಲ್ಪ ಬಗ್ಗಿ ಸುಮ್ಮನಿರುತ್ತಿತ್ತು.

"ನೀವು ಎರಡೂ ಕಡೆ ಹೊಲಸಾಗೇ ಬಿಟ್ಟಿದ್ರೆ ಬ್ಲೇಡ್ ಬದುಕ್ತಿತ್ತು ಭಾವ."

"ಓಹೋ! ನಾನು ಕ್ಲೀನ್ ಮಾಡಿದ್ದೇ ತಪ್ಪಾ?"

"ಅರ್ಧ ಮಾಡಿದ್ದು."

ಭಾವ ತಟ್ಟೆ ಆಚೆ ಸರಿಸಿದ. "ಬರಿ ಹಾಗಾದ್ರೆ, ಇದನ್ನೇ ಉತ್ತರ ಬರಿ. ನಿನ್ನ ಬದಲು ನನ್ನನ್ನ ಮನೆಗೆ ಕಳಿಸಲಿ. ನಿಮ್ಮಕ್ಕನೂ ಇದೇ ಮನೇಲಿದಾಳೆ, ನೆನಪಿರಲಿ."

ಫಿಟ್ಟರನ ಇಕ್ಕಟ್ಟೂ ಅದೇ ಆಗಿತ್ತು. ಬರೆಯದಿದ್ದರೆ ಅವನ ಕೆಲಸ ಹೋಗುತ್ತದೆ, ಬರೆದರೆ ಅಕ್ಕನ ಗಂಡನದು.

ಅಕ್ಕನಿಗೆ ಮಾತ್ರ ಇದರಲ್ಲಿ ಅಂಥ ಕಷ್ಟ ಕಾಣಲಿಲ್ಲ. "ಇವರು ಕ್ಲೀನ್ ಮಾಡೋದು ಬಂದವರು ನೋಡೋ ಕಡೆ ತಾನೇ? ಬಂದವರನ್ನೇ ಹಿಂದಕ್ಕೆ ಕರ್ಕೊಂಡು ಹೋಗ್ರಪ್ಪ. ಈ ಮನೆ ಹಿತ್ತಲು ಇವರು ಗುಡಿಸಿದ್ದೂ ನಮ್ಮತ್ತೆ ಹಿತ್ತಲ ಬಾಗಿಲಿಂದ ಬಂದ ದಿನವೇ."

"ಸುಮ್ನಿರೇ," ಎಂದ ಭಾವ. ಆದರೆ ತಟ್ಟೆಯನ್ನು ಮತ್ತೆ ಹತ್ತಿರ ಎಳೆದುಕೊಂಡ.

ಸೋಮವಾರ ಫಿಟ್ಟರ್ ಮ್ಯಾನೇಜರ್ ಕೋಣೆಗೆ ಹೋದ. ನೋಟಿಸಿನ ಮಾತೆತ್ತಲಿಲ್ಲ.

"ಸಾರ್, ಮುಂದಿನ ವಾರ ಸ್ಥಾವರ ನೋಡೋಕೆ ತಂಡ ಬರುತ್ತಂತೆ. ಗ್ರೂಪ್ ಫೋಟೋನ ಫಿಲ್ಟರ್ ಮನೆ ಹಿಂದೆ ತೆಗೆದ್ರೆ ಚಿಮಣಿ ಪೂರ್ತಿ ಬರುತ್ತೆ. ಮುಂದಿನಿಂದ ಯಾವಾಗಲೂ ಅರ್ಧಕ್ಕೇ ಕಟ್ ಆಗುತ್ತೆ."

ಮ್ಯಾನೇಜರ್ ಗೋಡೆಯ ಮೇಲಿನ ಮೂರು ಫೋಟೋಗಳನ್ನು ನೋಡಿದರು. ಮೂರರಲ್ಲೂ ಅವರ ತಲೆಯ ಮೇಲೆ ಚಿಮಣಿ ಅರ್ಧಕ್ಕೆ ಕತ್ತರಿಸಿಹೋಗಿತ್ತು. "ಇಷ್ಟು ವರ್ಷ ಯಾರಿಗೂ ಹೊಳೀಲೇ ಇಲ್ವಲ್ರೀ!"

ಹಿಂದಿನ ಗೋಡೆಯ ಫಿಲ್ಟರುಗಳೆಲ್ಲ ಎರಡು ದಿನದಲ್ಲಿ ಬದಲಾದವು. ಭಾವ ತಾನೇ ಏಣಿ ಹತ್ತಿ ಮೇಲಿನ ಸಾಲಿನವರೆಗೂ ನಿಂತು ಮಾಡಿಸಿದ. ಫೋಟೋದಲ್ಲಿ ಮೇಲಿನ ಸಾಲೂ ಬರುತ್ತಿತ್ತು. ಮೂರನೆಯ ದಿನ ಉಪಕರಣದಲ್ಲಿ ನಡುಕದ ಗೆರೆ ಮಲಗಿತು. ಫಿಟ್ಟರ್ ಉತ್ತರ ಬರೆದ: ಈ ಬ್ಲೇಡುಗಳನ್ನು ಕೂರಿಸಿದ್ದು ಅದೇ ಕೈ, ಅದೇ ಬಿಗಿತ, ನಡುಕವಿಲ್ಲ. ಅದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ. ಫಿಲ್ಟರ್ ಎಂಬ ಪದವೂ ಇರಲಿಲ್ಲ.

ಹದಿನಾಲ್ಕನೆಯ ದಿನ ಮ್ಯಾನೇಜರ್ ಪತ್ರ ಬಂತು. ನೋಟಿಸು ನೀಡಿದ ನಂತರ ಸಂಬಂಧಪಟ್ಟವರ ಕೈಕೆಲಸ ಗಮನಾರ್ಹವಾಗಿ ಸುಧಾರಿಸಿರುವುದರಿಂದ ಕ್ರಮವನ್ನು ಕೈಬಿಡಲಾಗಿದೆ. ಮುಂದೆಯೂ ಇದೇ ಎಚ್ಚರಿಕೆ ವಹಿಸತಕ್ಕದ್ದು. ಅದೇ ದಿನ ಭಾವನಿಗೆ ನಾಲ್ಕನೆಯ ಪ್ರಶಸ್ತಿ ಘೋಷಣೆಯಾಯಿತು.

ಕೆಲಸ ಉಳಿಯಿತು. ಇಪ್ಪತ್ತೆರಡು ವರ್ಷದ ಕೈ ಹದಿನಾಲ್ಕು ದಿನದಲ್ಲಿ ಸುಧಾರಿಸಿತೆಂಬುದು ಮಾತ್ರ ಕಾಗದದ ಮೇಲೆ ಕಾಯಂ ಆಯಿತು. ಫಿಟ್ಟರ್ ಆ ಪತ್ರವನ್ನು ಹಿಡಿದು ಫಿಲ್ಟರ್ ಮನೆಯ ಹಿಂದಕ್ಕೆ ಹೋದ. ಎದೆಯೆತ್ತರದ ಫಿಲ್ಟರಿಗೆ ಹಿಡಿದ. ಫಟ್ಟನೆ ಅಂಟಿಕೊಂಡಿತು. ಮುಂದೆಯೂ ಹಿಡಿದು ನೋಡಿದ. ಅಲ್ಲೂ ಅಷ್ಟೇ ಬಿಗಿ.

ಅದನ್ನು ಅಲ್ಲೇ ಬಿಟ್ಟು ಹೋಗಬೇಕೆಂದು ಬಹಳ ಅನಿಸಿತು. ಆದರೆ ಅಷ್ಟಗಲದ ಗಾಳಿ ಒಂದು ಕಡೆ ಕಡಿಮೆಯಾಗುತ್ತದೆ. ಮೂಲೆಯಿಂದ ಜೋಪಾನವಾಗಿ ಬಿಡಿಸಿ, ಮಡಿಸಿ ಜೇಬಿಗಿಟ್ಟುಕೊಂಡ.